ಅಕ್ಷತಳ ಕರೆಂಟ್ ಫ್ಯಾನು

ಮುನಿಕೃಷ್ಣನ ಗ್ಯಾರೇಜಿನಲ್ಲಿ ಮೂರು ದಿನದಿಂದ ಒಂದೇ ಜಗಳ. ಜೀಪಿನ ರೇಡಿಯೇಟರಿಗೆ ಗಾಳಿ ಎಳೆಯಬೇಕಾದದ್ದು ಬೆಲ್ಟ್ ಫ್ಯಾನೋ, ಕರೆಂಟ್ ಫ್ಯಾನೋ? ಸಮೇತನಹಳ್ಳಿಯ ಟೀ ಅಂಗಡಿಯಲ್ಲೂ ಈ ವಿಷಯಕ್ಕೆ ಎರಡು ಪಕ್ಷಗಳು ಹುಟ್ಟಿಕೊಂಡಿದ್ದವು. ಅಕ್ಷತಳ ಪಕ್ಷದಲ್ಲಿ ಅಕ್ಷತ ಒಬ್ಬಳೇ ಇದ್ದಳು.

ಅವಳು ಮುನಿಕೃಷ್ಣನ ಅಣ್ಣನ ಮಗಳು. ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಓದಿ, ನಾಲ್ಕು ವರ್ಷದಿಂದ ಚಿಕ್ಕಪ್ಪನ ಗ್ಯಾರೇಜಿನಲ್ಲೇ ಕೈ ಕಪ್ಪು ಮಾಡಿಕೊಂಡವಳು. ಗುಜರಿಗೆ ಹೋಗಬೇಕಿದ್ದ ಹಳೇ ಜೀಪೊಂದನ್ನು ಚಿಕ್ಕಪ್ಪ ಎಳೆದು ತಂದು ಹಾಕಿದ್ದ. ಅದರ ಎಂಜಿನ್ ಬಿಚ್ಚಿ, ಉಜ್ಜಿ, ಜೋಡಿಸಿ, ಜೀವ ಕೊಟ್ಟವಳು ಇವಳು. ಭಾನುವಾರ ಆವತಿಯ ಆಚೆ ಕೆಲಸ ನಿಂತುಹೋದ ಕಲ್ಲು ಕ್ವಾರಿಯಲ್ಲಿ ಬಂಡೆಗೆ ಜೀಪು ಹತ್ತಿಸುವ ಸ್ಪರ್ಧೆಯಿತ್ತು. ಓಡಿಸುವವಳು ತಾನೇ ಎಂದು ಹೆಸರನ್ನೂ ಕೊಟ್ಟುಬಿಟ್ಟಿದ್ದಳು.

"ಎಂಜಿನ್ ತಿರುಗಿದ್ರೆ ಬೆಲ್ಟ್ ತಿರುಗ್ತದೆ, ಬೆಲ್ಟ್ ತಿರುಗಿದ್ರೆ ಫ್ಯಾನ್ ತಿರುಗ್ತದೆ. ಇನ್ನೇನೇ ಬೇಕು ನಿಂಗೆ?" ಎಂದು ಮುನಿಕೃಷ್ಣ ಸ್ಪ್ಯಾನರ್ ಕುಕ್ಕಿದ. "ಮೂವತ್ತು ವರ್ಷದಿಂದ ನೋಡ್ತಾ ಇದೀನಿ. ನಿನ್ ಕರೆಂಟ್ ಫ್ಯಾನಲ್ಲಿ ಒಂದು ವೈರ್ ಕಿತ್ಕೊಂಡ್ರೆ ಕಥೆ ಮುಗೀತು."

"ರೋಡಲ್ಲಾದ್ರೆ ನಿಮ್ ಬೆಲ್ಟೇ ಸರಿ ಚಿಕ್ಕಪ್ಪ. ಬಂಡೆ ಮೇಲೆ ಎಂಜಿನ್ ನಿಧಾನಕ್ಕೆ ತಿರುಗುತ್ತೆ, ಬೆಲ್ಟ್ ಫ್ಯಾನೂ ಅದರ ಜೊತೆ ನಿಧಾನ ಆಗ್ಬಿಡುತ್ತೆ. ಬಿಸಿ ಜಾಸ್ತಿ ಆದಾಗ್ಲೇ ಗಾಳಿ ಕಮ್ಮಿ. ಕರೆಂಟ್ ಫ್ಯಾನ್‌ಗೆ ಎಂಜಿನ್ನಿನ ಹಂಗಿಲ್ಲ."

"ಓಹೋ, ಹಂಗಿಲ್ವಂತೆ!" ಚಿಕ್ಕಪ್ಪನಿಗೆ ರೇಗಿತು. ಅದು ಫ್ಯಾನಿನ ಮಾತಲ್ಲ, ತನಗೇ ಹೇಳಿದ್ದು ಎಂದು ಅವನಿಗೆ ಅನ್ನಿಸಿರಬೇಕು. "ಸರಿ ಕಣಮ್ಮ, ಹಾಕ್ಕೊ. ಎಂಜಿನ್ ಕುದೀತು ಅಂದ್ರೆ ಕೀ ನನ್ ಕೈಗೆ ಬರ್ಬೇಕು. ಆಮೇಲೆ ನೀನು ಸ್ಟೇರಿಂಗ್ ಮುಟ್ಟಂಗಿಲ್ಲ."

"ಆಯ್ತು."

ಒಂದೇ ಮಾತು. ನಾಲ್ಕು ವರ್ಷದಲ್ಲಿ ಅವಳು ಕಟ್ಟಿದ ಎಂಜಿನ್ನುಗಳನ್ನೆಲ್ಲ ಊರು "ಮುನಿಕೃಷ್ಣನ ಕೈಗುಣ" ಎಂದೇ ಹೊಗಳಿತ್ತು. ಅವಳೂ ನಕ್ಕು ಸುಮ್ಮನಿದ್ದಳು. ಈ ಡ್ರೈವರ್ ಸೀಟೊಂದನ್ನು ಮಾತ್ರ ಅವಳು ಯಾರಿಗೂ ಬಿಟ್ಟುಕೊಡುವವಳಲ್ಲ.

ಅಪಘಾತವಾದ ಕಾರಿನಿಂದ ಒಂದು ಫ್ಯಾನು ಕಿತ್ತು ತಂದಳು. ಬೆಲ್ಟ್ ಫ್ಯಾನು ತೆಗೆದು, ಇದನ್ನು ರೇಡಿಯೇಟರ್ ಹಿಂದೆ ಕೂರಿಸಿ, ಬ್ಯಾಟರಿಯಿಂದ ನೇರ ವೈರ್ ಎಳೆದು, ನಡುವೆ ಫ್ಯೂಸ್ ಹಾಕಿ, ಸ್ಟೇರಿಂಗ್ ಪಕ್ಕ ಒಂದು ಸ್ವಿಚ್ ಇಟ್ಟಳು. ಪ್ರತಿ ವೈರನ್ನೂ ಎರಡೆರಡು ಸಲ ಜಗ್ಗಿ ನೋಡಿದಳು.

ಭಾನುವಾರ ಕ್ವಾರಿಯಲ್ಲಿ ಮುನಿಕೃಷ್ಣ ಜೀಪಿನ ಸೀಟಿನಡಿಯಿಂದ ಒಂದು ಸುರುಳಿ ತೆಗೆದ. ಫ್ಲೆಕ್ಸು! ನಮ್ಮ ಕಡೆ ಮೂಗು ಚುಚ್ಚುವುದಕ್ಕೂ ಫ್ಲೆಕ್ಸು ಹಾಕಿಸುತ್ತಾರೆ, ಸ್ಪರ್ಧೆಗೆ ಬಿಡುತ್ತಾರೆಯೇ? "ಮುನಿಕೃಷ್ಣ ಗ್ಯಾರೇಜ್, ಸಮೇತನಹಳ್ಳಿ" ಎಂದು ಕೆಂಪಕ್ಷರ, ನಡುವೆ ಕೂಲಿಂಗ್ ಗ್ಲಾಸ್ ಹಾಕಿದ ಅವನದೇ ಮುಖ. ಜೀಪಿನ ಮೂತಿಗೆ ಅಡ್ಡಲಾಗಿ ಹಿಡಿದು ನಾಲ್ಕು ಮೂಲೆಯನ್ನೂ ಬಿಗಿದು ಕಟ್ಟಿದ. ಅಕ್ಷತಳಿಗೆ ನಗು ಬಂತು. ಕಟ್ಟಿಕೊಳ್ಳಲಿ ಬಿಡು ಎಂದುಕೊಂಡು ಚಕ್ರದ ಗಾಳಿ ನೋಡಲು ಹೋದಳು.

ಬಾವುಟ ಹಿಡಿದ ಹರಿಪ್ರಸಾದ್ ನಿಯಮ ಹೇಳಿದ: ಮೂರು ಬಂಡೆ ಹತ್ತಬೇಕು, ನಡುವೆ ನಿಂತರೆ ಪರವಾಗಿಲ್ಲ, ಹಗ್ಗ ಕಟ್ಟಿ ಎಳೆಸಿಕೊಂಡರೆ ಔಟು. ಏಪ್ರಿಲ್ ಬಿಸಿಲಿಗೆ ಕಲ್ಲು ಕಾದು ಕೆಂಡವಾಗಿತ್ತು. ಚಿಕ್ಕಪ್ಪ ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕೂತ. ಅಕ್ಷತ ಎಂಜಿನ್ ಶುರು ಮಾಡಿ, ಫ್ಯಾನಿನ ಸ್ವಿಚ್ ಒತ್ತಿದಳು.

ಮೊದಲ ಬಂಡೆ ಸಲೀಸಾಗಿ ಆಯಿತು. ಎರಡನೆಯದನ್ನು ಹತ್ತುವಷ್ಟರಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪು ಗೆರೆಯ ಹತ್ತಿರ ಬಂದುಬಿಟ್ಟಿತು. ಅಕ್ಷತ ಬ್ರೇಕ್ ಒತ್ತಿದಳು. ಕೆಳಗಿನಿಂದ ಶಿಳ್ಳೆಗಳು ಬಿದ್ದವು.

"ನಾನ್ ಬಡ್ಕೊಂಡೆ," ಎಂದು ಮುನಿಕೃಷ್ಣ ಅಂಗೈ ಚಾಚಿದ. "ಕೀ ಕೊಡು."

ನಿಜಕ್ಕೂ ತಪ್ಪಿದೆನಾ? ಆದರೆ ಫ್ಯಾನು ಗುಂಯ್ ಎನ್ನುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಓಡುತ್ತಿರುವ ಫ್ಯಾನು ಗಾಳಿ ಎಳೆಯದೆ ಇರುತ್ತದೆಯೇ?

"ಕುದ್ದಿಲ್ಲ ಇನ್ನೂ," ಎಂದು ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಓಡಲು ಬಿಟ್ಟು, ಕೆಳಗೆ ಹಾರಿದಳು. ಚಕ್ರಕ್ಕೆ ಕಲ್ಲು ಕೊಟ್ಟು ಮುಂದೆ ಬಂದು ನೋಡಿದಳು.

ಫ್ಲೆಕ್ಸಿನೊಳಗಿನ ಚಿಕ್ಕಪ್ಪನ ಕೆನ್ನೆಗಳೆರಡೂ ಗ್ರಿಲ್ಲಿನ ಸಂದಿಯೊಳಗೆ ಗುಳಿಬಿದ್ದಿದ್ದವು. ಫ್ಯಾನು ಅಷ್ಟು ಬಲವಾಗಿ ಎಳೆಯುತ್ತಿತ್ತು! ಎಳೆಯಲು ಗಾಳಿಯೇ ಇರಲಿಲ್ಲ. ಮೂವತ್ತು ವರ್ಷದ ಅನುಭವಕ್ಕೂ ಹೊಳೆದಿರಲಿಲ್ಲ, ಐಟಿಐ ಸರ್ಟಿಫಿಕೇಟಿಗೂ ಹೊಳೆದಿರಲಿಲ್ಲ. ತನ್ನ ಮೇಲೇ ಅವಳಿಗೆ ಸಿಟ್ಟು ಬಂತು. ಜೇಬಿನಿಂದ ವೈರ್ ಸುಲಿಯುವ ಚಾಕು ತೆಗೆದಳು.

"ಏಯ್! ನನ್ ಫೋಟೊ ಕಣೇ ಅದು! ಗಂಟು ಬಿಚ್ಚೇ!"

"ಬಿಚ್ಚೋಕೆ ಟೈಮಿಲ್ಲ ಚಿಕ್ಕಪ್ಪ. ಮೂಗು ಮುಚ್ಚಿ ಬೆಟ್ಟ ಹತ್ತು ಅಂದ್ರೆ ನೀವ್ ಹತ್ತೀರಾ?"

ಹಣೆಯಿಂದ ಗಲ್ಲದವರೆಗೆ ಒಂದೇ ಗೀರು. ಫ್ಲೆಕ್ಸು ಎರಡು ಹೋಳಾಗಿ ಜೋತುಬಿತ್ತು. ಎರಡನ್ನೂ ಕಿತ್ತು ಹಿಂದಿನ ಸೀಟಿಗೆ ಎಸೆದು, ಮತ್ತೆ ಸ್ಟೇರಿಂಗ್ ಹಿಡಿದು ಕೂತಳು. ಮುಳ್ಳು ಕದಲಿತು. ಒಂದು ಗೆರೆ ಇಳಿಯಿತು. ಇನ್ನೊಂದು ಗೆರೆ ಇಳಿಯಿತು. ಮುನಿಕೃಷ್ಣ ಅದನ್ನೇ ನೋಡುತ್ತಿದ್ದ, ಚಾಚಿದ ಕೈ ಹಾಗೇ ಇತ್ತು.

"ಕೈ ಒಳಗಿಟ್ಕೊಳ್ಳಿ. ಗೇರಿಗೆ ಅಡ್ಡ ಬರುತ್ತೆ."

ಅವನು ಕೈ ಒಳಗಿಟ್ಟುಕೊಂಡ. ಮೂರನೇ ಬಂಡೆಯ ಮೇಲೆ ಜೀಪು ಇಂಚಿಂಚಾಗಿ ತೆವಳಿತು. ಒಮ್ಮೆ ಹಿಂದಿನ ಚಕ್ರ ಜಾರಿ ಕೆಳಗಿದ್ದವರು ಹೋ ಎಂದರು. ಅವಳು ಹಲ್ಲುಕಚ್ಚಿ ಆಕ್ಸಿಲರೇಟರ್ ಒತ್ತಿ ಹಿಡಿದಳು, ಸಡಿಲಿಸಲಿಲ್ಲ. ಮುಳ್ಳು ನಡುವಿನಲ್ಲೇ ನಿಂತಿತ್ತು. ಮೇಲೆ ಹರಿಪ್ರಸಾದನ ಬಾವುಟ ಎದ್ದಾಗ ಅವಳಿಗೆ ಕೂಗಬೇಕೆನ್ನಿಸಿತು. ಕೂಗಿಯೇಬಿಟ್ಟಳು.

ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದಳು. ಗುಂಯ್ ಎನ್ನುವ ಸದ್ದೊಂದು ಮಾತ್ರ ಉಳಿಯಿತು.

ಮುನಿಕೃಷ್ಣ ಬಾನೆಟ್ಟಿನ ಕಡೆ ಕಿವಿಕೊಟ್ಟ. ಅವನು ಮೂವತ್ತು ವರ್ಷ ಬಿಚ್ಚಿ ಕಟ್ಟಿದ ಜೀಪುಗಳಲ್ಲಿ ಎಂಜಿನ್ ನಿಂತ ಮೇಲೂ ಓಡುವ ಫ್ಯಾನು ಇರಲಿಲ್ಲ.

"ಎಂಜಿನ್ ನಿಂತೋಗೈತೆ. ಅದ್ಯಾಕಿನ್ನೂ ಓಡ್ತಾ ಐತೆ?"

"ಅದು ನಿಲ್ಲೋದು ನಾನು ನಿಲ್ಲಿಸಿದಾಗ," ಎಂದು ಅಕ್ಷತ ಕೀಯನ್ನು ತನ್ನ ಜೇಬಿಗೆ ಹಾಕಿಕೊಂಡಳು.