ಎಡಗೈಯವನ ಹದಿಮೂರನೇ ಆಲ್ಬಮ್

ಇದು ನಡೆದದ್ದೇ. ಉಪ್ಪು ಖಾರ ಹಚ್ಚುವ ಕೆಲಸವನ್ನು ದೊಡ್ಡಳಿಯನೇ ಮುಗಿಸಿಬಿಟ್ಟಿದ್ದರಿಂದ ಹೇಳುವವರಿಗೆ ಹೆಚ್ಚೇನೂ ಉಳಿದಿಲ್ಲ.

ಭಾನುವಾರ ಅತ್ತೆಯ ಮನೆಯಲ್ಲಿ ಊಟವಾದ ಮೇಲೆ ಎಲ್ಲರೂ ಕೂತು ಒಂದು ಆಲ್ಬಮ್ ಕೇಳುವುದು ಹನ್ನೊಂದು ವರ್ಷದ ರೂಢಿ. ಮೊದಲಿಂದ ಕೊನೆಯವರೆಗೆ, ನಡುವೆ ಎದ್ದು ಹೋಗುವಂತಿಲ್ಲ. ಯಾವುದು ಅಂತ ಆರಿಸುವವನು ದೊಡ್ಡಳಿಯ. ವಾರದ ಆರು ದಿನ ಅವನು ಮುದ್ರಣಾಲಯದಲ್ಲಿ ಹಾಳೆ ಮಡಿಸುವ ಯಂತ್ರ ನಡೆಸುತ್ತಾನೆ. ಅಲ್ಲಿ ಅವನನ್ನು ಯಾರೂ ಏನೂ ಕೇಳುವುದಿಲ್ಲ. ಏಳನೇ ದಿನ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅವನ ಕಡೆ ತಿರುಗಿ, "ಇವತ್ತೇನು ಕೇಳಿಸ್ತೀರಿ?" ಅನ್ನುತ್ತಿದ್ದರು. ಆ ಒಂದು ತಿರುಗುವಿಕೆಯ ಮೇಲೆ ಅವನ ವಾರವೆಲ್ಲ ನಿಂತಿತ್ತು.

ಆಮೇಲೆ ಚಿಕ್ಕಳಿಯ ಬಂದ. ನಾದಿನಿಯ ಗಂಡ, ಹಲ್ಲಿನ ಸೆಟ್ಟು ತಯಾರಿಸುವುದು ಕಸುಬು. ಎರಡು ವರ್ಷ ಗೋಡೆಗೊರಗಿ ಸುಮ್ಮನೆ ಕೇಳಿದ. ಮೂರನೇ ವರ್ಷದ ಒಂದು ಭಾನುವಾರ ಸಣ್ಣಗೆ ಕೆಮ್ಮಿದ.

"ಭಾವ, ತಪ್ಪು ತಿಳ್ಕೋಬೇಡಿ. ನಂಗೊಬ್ಬ ಸಿಕ್ಕಿದಾನೆ."

"ಯಾರು, ಬೊಚ್ಚುಬಾಯಿಯವನಾ?"

"ಗಿಟಾರ್ ನುಡಿಸೋನು. ಎಡಗೈಯವನು. ಜಾಝ್ ಫ್ಯೂಷನ್ ಅಂತಾರೆ, ಜಾಝೂ ಇರುತ್ತೆ, ರಾಕೂ ಇರುತ್ತೆ, ಎರಡೂ ಜಗಳ ಆಡಲ್ಲ. ಹಲ್ಲಿನ ಅಚ್ಚು ಒಣಗಲಿ ಅಂತ ಕಾಯ್ತಾ ರೇಡಿಯೋ ಹಾಕಿದ್ದೆ. ಕೇಳ್ತಾ ಕೇಳ್ತಾ ಯಾರದೋ ಕೋರೆಹಲ್ಲನ್ನ ಮುಂದೆ ತಂದು ಕೂರಿಸಿಬಿಟ್ಟೆ."

ಅತ್ತೆ ನಕ್ಕರು. ದೊಡ್ಡಳಿಯನಿಗೆ ಆ ನಗು ಊಟದಲ್ಲಿ ಸಿಕ್ಕ ಕಲ್ಲಿನಂತಾಯಿತು.

ಎಡಗೈಯವನದು ಒಟ್ಟು ಹನ್ನೆರಡು ಆಲ್ಬಮ್. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಚಿಕ್ಕಳಿಯ ಹಲ್ಲಿನ ಬಣ್ಣದ ನಂಬರ್ ಬರೆಯುವ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡು ಬಂದಿದ್ದ. "ಮೊದಲನೇದು ಮೊದಲು ಬೇಡ. ಅದ್ರಲ್ಲಿ ಬರೀ ಬೆರಳಿನ ವೇಗ ತೋರಿಸ್ತಾನೆ. ನಾಲ್ಕನೇದು, ಕವರ್ ಮೇಲೆ ಖಾಲಿ ಕುರ್ಚಿ ಇರೋದು, ಅಲ್ಲಿಂದ ಶುರು. ಆಮೇಲೆ ಏಳು. ಏಳು ಒಳಗಿಳಿದ ಮೇಲೆ ಎರಡಕ್ಕೆ ವಾಪಸ್ ಬರ್ಬೇಕು. ಒಂಬತ್ತು, ಹತ್ತು ಬಿಟ್ಬಿಡಿ. ಆಗ ಅವನಿಗೆ ಮನಸ್ಸಿರಲಿಲ್ಲ."

"ಮನಸ್ಸಿಲ್ಲ ಅಂತ ನಿನ್ನ ಹತ್ರ ಬಂದು ಹೇಳ್ಕೊಂಡ್ನಾ?"

"ಕೇಳಿದ್ರೆ ಗೊತ್ತಾಗುತ್ತೆ ಭಾವ."

ಖಾಲಿ ಕುರ್ಚಿಯದನ್ನು ಕೇಳಿದರು. ಅತ್ತೆಯ ಹೆಬ್ಬೆರಳು ನೆಲ ಕುಟ್ಟಿತು. ದೊಡ್ಡಳಿಯನ ಹೆಂಡತಿ ಕಣ್ಣು ಮುಚ್ಚಿ ಕೇಳಿದಳು. ಗಂಡ ಆರಿಸಿದ್ದಕ್ಕೆ ಅವಳು ಕಣ್ಣು ಮುಚ್ಚಿದ್ದು ಹನ್ನೊಂದು ವರ್ಷದಲ್ಲಿ ಒಂದೇ ಸಲ. ಆವತ್ತು ನಿದ್ದೆ ಬಂದಿತ್ತು. ಮುಂದಿನ ಭಾನುವಾರ ಅತ್ತೆ ಕೈ ಒರೆಸಿಕೊಂಡು ತಿರುಗಿದರು. ದೊಡ್ಡಳಿಯ ಬಾಯಿ ತೆರೆದ. ಅತ್ತೆಯ ಮುಖ ಅವನನ್ನು ದಾಟಿ ಗೋಡೆಯವರೆಗೆ ಹೋಯಿತು. "ಇವತ್ತು ಏಳನೇದಾ?"

ಹಲ್ಲು ಮಾಡುವವನು ಚಿಕ್ಕಳಿಯ, ಹಲ್ಲು ಕಡಿಯುವವನು ದೊಡ್ಡಳಿಯ, ಹೀಗೆ ಕೆಲಸ ಹಂಚಿಕೆಯಾಯಿತು. ಮನೆಯಲ್ಲಿ ಅವನು ಷಡ್ಡಕನ ಅಣಕ ಮಾಡಿಕೊಂಡು ಓಡಾಡಿದ. ಮೊದಲು ಆ ಕೆಮ್ಮು, ಆಮೇಲೆ ಬೆರಳೆತ್ತಿ, "ಏಳು ಒಳಗಿಳಿದ ಮೇಲೆ ಎರಡು." ಅಣಕದಲ್ಲಿ ಅವನನ್ನು ಮೀರಿಸುವವರಿಲ್ಲ, ಮುದ್ರಣಾಲಯದ ಮಾಲೀಕನ ಸ್ಕೂಟರನ್ನೂ ಬಾಯಲ್ಲೇ ನಿಲ್ಲಿಸಿ ಹೊರಡಿಸುತ್ತಿದ್ದ. ಹೆಂಡತಿ ಎರಡು ದಿನ ನಕ್ಕಳು. ಮೂರನೇ ದಿನ, "ಥೇಟ್ ಅವರ ಹಾಗೇ ಇದೆ ರೀ. ಹಾಗೇ ಆ ಎರಡನೇದನ್ನೂ ಸ್ವಲ್ಪ ಹಾಕಿ," ಅಂದಳು.

ಅವನು ಗುಟ್ಟಾಗಿ ಒಂಬತ್ತು, ಹತ್ತನ್ನು ಹುಡುಕಿ ಕೇಳಿದ. ಅವೇ ಎಲ್ಲಕ್ಕಿಂತ ಒಳ್ಳೆಯವು ಅಂತ ಸಾಧಿಸಿಬಿಟ್ಟರೆ ಆ ಪಟ್ಟಿಯ ಮಾನ ಹೋಗುತ್ತಿತ್ತು. ಆದರೆ ಅವು ನಿಜಕ್ಕೂ ಮನಸ್ಸಿಲ್ಲದವನು ನುಡಿಸಿದಂತೆಯೇ ಇದ್ದವು. ಹೊಟ್ಟೆ ಇನ್ನೂ ಉರಿಯಿತು.

ಉಪಾಯ ಹೊಳೆದದ್ದು ಯಂತ್ರದ ಮುಂದೆ. ಕೈಯಿಂದ ಒಂದೊಂದೇ ಹಾಳೆ ಒಡ್ಡುವ ಹಳೇ ಯಂತ್ರ ಅದು. ಮೂರನೇ ರೋಲರ್ ಸವೆದು, ಏಳು ಹಾಳೆಗೊಮ್ಮೆ ಮುಗ್ಗರಿಸುತ್ತಿತ್ತು. ನೂರು ಹಾಳೆಯಾದರೆ ಟಿಣ್ ಅಂತ ಗಂಟೆ. ದೊಡ್ಡಳಿಯ ಫೋನನ್ನು ಯಂತ್ರದ ಪಕ್ಕ ಇಟ್ಟು ಅದರ ಸದ್ದನ್ನು ಹಿಡಿದ. ಅದರ ಮೇಲೆ ಕೆನ್ನೆ ಉಬ್ಬಿಸಿ ಬಾಸ್ ಗಿಟಾರನ್ನು ತಾನೇ ಬಾಯಲ್ಲಿ ನುಡಿಸಿದ. ಗಂಟೆಯನ್ನು ಕತ್ತರಿಸೋಣವೇ ಅಂದುಕೊಂಡ. ತಾಳದ ತಟ್ಟೆಯ ಹಾಗೆ ಸೊಗಸಾಗಿದೆ ಅಂತ ಉಳಿಸಿಕೊಂಡ. ಚಿಕ್ಕಳಿಯ ಇದನ್ನು ಹೊಗಳಬೇಕು, ಆಗ ತಾನು ಎಲ್ಲರೆದುರು ನಿಜ ಹೇಳಬೇಕು, ಅವನ ಮುಖ ಬೀಳಬೇಕು, ಅತ್ತೆಯ ಮುಖ ತನ್ನ ಕಡೆ ವಾಪಸ್ ತಿರುಗಬೇಕು.

"ಹದಿಮೂರನೇದು ಸಿಕ್ಕಿದೆ," ಎಂದ ಭಾನುವಾರ. "ಹೊರಗೇ ಬರಲಿಲ್ಲವಂತೆ. ಒಂದು ತುಣುಕು ಅಷ್ಟೇ."

ಚಿಕ್ಕಳಿಯ ಗೋಡೆ ಬಿಟ್ಟು ಮುಂದೆ ಬಂದು ಕೂತ. ಸ್ವಲ್ಪ ಹೊತ್ತು ಕೇಳಿದ ಮೇಲೆ, "ಗಿಟಾರೇ ಇಲ್ವಲ್ಲ ಭಾವ?" ಎಂದ.

"ಕೈ ಕಟ್ಟಿ ಕೂರೋಕೂ ಧೈರ್ಯ ಬೇಕಪ್ಪ."

"ಅದೂ ನಿಜ." ಚಿಕ್ಕಳಿಯ ತಲೆ ಬಾಗಿಸಿ ಬೆರಳಲ್ಲಿ ಎಣಿಸಿದ. "ಏಳಕ್ಕೊಂದ್ಸಲ ಎಡವುತ್ತೆ, ಆದ್ರೆ ಬೀಳಲ್ಲ. ಎಡವೋ ಕಡೆ ಆ ಬಾಸು ಬಂದು ಕೈ ಹಿಡ್ಕೊಳ್ಳುತ್ತೆ, ಗಮನಿಸಿದ್ರಾ? ಇದನ್ನ ನಾಲ್ಕಕ್ಕಿಂತ ಮೊದಲು ಕೇಳ್ಬೇಕಿತ್ತು." ಪುಸ್ತಕ ತೆಗೆದು ಬರೆಯತೊಡಗಿದ.

ದೊಡ್ಡಳಿಯ ಗಮನಿಸಿರಲಿಲ್ಲ. ಒಂಬತ್ತು ವರ್ಷ ಆ ಯಂತ್ರದ ಮುಂದೆ ನಿಂತಿದ್ದಾನೆ, ಆ ಬಾಸ್ ಅವನದೇ ಬಾಯಿ, ಆದರೂ ಗಮನಿಸಿರಲಿಲ್ಲ. ಪಕ್ಕಕ್ಕೆ ನೋಡಿದರೆ ಹೆಂಡತಿ ಕಣ್ಣು ಮುಚ್ಚಿದ್ದಳು. ಅವಳು ಮೈಮರೆತದ್ದು ಗಂಡನ ಉಸಿರಿಗೆ, ಹೆಸರು ಮಾತ್ರ ಎಡಗೈಯವನಿಗೆ. ಹೊಟ್ಟೆಕಿಚ್ಚಿಗೂ ಈಗ ಯಾರನ್ನು ಸುಡಬೇಕೆಂದು ತಿಳಿಯಲಿಲ್ಲ. ಇನ್ನು ತಡೆಯಲಾರದೆ ನಿಜ ಹೇಳಲು ಬಾಯಿ ತೆರೆದ.

ಟಿಣ್.

ಅತ್ತೆಯ ಎರಡೂ ಕೈ ತಾವಾಗಿಯೇ ಮುಂದೆ ಚಾಚಿದವು. ಗಾಳಿಯಲ್ಲಿದ್ದ ಒಂದು ಕಟ್ಟನ್ನು ಎತ್ತಿಕೊಂಡವು, ತೊಡೆಯ ಮೇಲೆ ಎರಡು ಸಲ ಕುಟ್ಟಿ ಅಂಚು ಸರಿ ಮಾಡಿದವು, ಎಡಕ್ಕೆ ಇಟ್ಟವು. ನಿವೃತ್ತಿಯಾಗುವ ತನಕ ಮೂವತ್ತು ವರ್ಷ, ಅದೇ ಯಂತ್ರದ ಬಾಯಿಂದ ಬಂದ ಪ್ರತಿ ನೂರು ಹಾಳೆಯನ್ನು ಎತ್ತಿದ ಕೈಗಳು ಅವು. ದೊಡ್ಡಳಿಯನಿಗೆ ಆ ಕೆಲಸ ಕೊಡಿಸಿದ್ದೂ ಅವರೇ.

ಎಲ್ಲರೂ ಆ ಕೈಗಳನ್ನೇ ನೋಡಿದರು. ಅತ್ತೆಯೂ ನೋಡಿಕೊಂಡರು. ಆಮೇಲೆ ನಿಧಾನವಾಗಿ ದೊಡ್ಡಳಿಯನ ಕಡೆ ತಿರುಗಿದರು.

"ಅಳಿಯಂದ್ರೇ, ಮೂರನೇ ರೋಲರ್ ಇನ್ನೂ ಬದಲಾಯಿಸಿಲ್ವಾ?"

ಚಿಕ್ಕಳಿಯ ತಾನು ಬರೆದದ್ದನ್ನು ನೋಡಿದ. ಷಡ್ಡಕನ ಮುಖ ನೋಡಿದ. "ಯಂತ್ರ ಸರಿ. ಆ ಬಾಸು?"

ದೊಡ್ಡಳಿಯ ಬೇರೆ ದಾರಿಯಿಲ್ಲದೆ ಕೆನ್ನೆ ಉಬ್ಬಿಸಿ, "ದುಂ, ದುಡುಂ," ಎಂದ.

ಹೆಂಡತಿ ಕಣ್ಣು ಬಿಟ್ಟಳು. "ಅದು ನೀವಾ?" ಅನ್ನುವಷ್ಟರಲ್ಲಿ ನಾದಿನಿಗೆ ನಗು ಒಡೆಯಿತು, ಹೆಂಡತಿಗೂ ಹತ್ತಿತು. ದೊಡ್ಡಳಿಯ ಮಾತ್ರ ನಗು ಅದುಮಿಕೊಂಡು, ಬೀಳಬೇಕಾದ ಮುಖಕ್ಕಾಗಿ ಕಾದ. ಅದು ಬೀಳಲಿಲ್ಲ. ಚಿಕ್ಕಳಿಯ ಬರೆದದ್ದನ್ನು ಹೊಡೆದುಹಾಕಲೂ ಇಲ್ಲ. 'ಎಡಗೈ' ಅಂತಿದ್ದ ಕಡೆ 'ಭಾವ' ಅಂತ ತಿದ್ದಿದ, ಅಷ್ಟೇ.

"ಮುಂದಿನ ವಾರ ಇನ್ನೂರನೇ ಹಾಳೆವರೆಗೂ ಕೇಳಿಸಿ," ಎಂದರು ಅತ್ತೆ, ದೊಡ್ಡಳಿಯನಿಂದ ಮುಖ ತಿರುಗಿಸದೆ.

ಚಿಕ್ಕಳಿಯ ಪುಸ್ತಕವನ್ನು ಹಣೆಗೆ ಬಡಿದುಕೊಂಡ. "ಗಿಟಾರೇ ಇಲ್ಲ ಅಂತ ನಾನೇ ಹೇಳ್ದೆ ಕಣ್ರೀ, ನಾನೇ," ಅನ್ನುತ್ತಾ, ತಾನು ಮಾಡದ ಮೂವತ್ತೆರಡು ಹಲ್ಲನ್ನೂ ತೋರಿಸಿ ಎಲ್ಲರಿಗಿಂತ ಜೋರಾಗಿ ನಕ್ಕ.