ಹಿಂದಿನ ಸೀಟಿನ ಹಿಂದೆ

"ಏ, ಇಲ್ಲಿ ಬಾ! ಲಗೂನ ಬಾ!"

ಅಪ್ಪಾಸಾಹೇಬ ಗರಾಜಿನಲ್ಲಿ ತನ್ನ ಹಸಿರು ಕಾರಿನೊಳಗೆ ಮಂಡಿಯೂರಿ ಕೂತಿದ್ದ. ಹಿಂದಿನ ಸೀಟಿನ ಬೆನ್ನಿನ ಭಾಗವನ್ನು ಕಳಚಿ ಹೊರಗೆ ಗೋಡೆಗೆ ಒರಗಿಸಿದ್ದ. ಬಲಗೈಯಲ್ಲಿ ಟಾರ್ಚು, ಎಡಗೈಯಲ್ಲಿ ಭೂತಗನ್ನಡಿ. ಸೀಟಿನ ಹಿಂದಿದ್ದ ತಗಡಿನ ಮೇಲೆ ಬೆಳಕು ಬಿಟ್ಟು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಮೂರು ಸಲ ನೋಡಿದ್ದಾಗಿತ್ತು. ತಗಡು ಈಗಷ್ಟೇ ತೊಳೆದಿಟ್ಟ ತಾಟಿನ ಹಾಗೆ ಹೊಳೆಯುತ್ತಿತ್ತು. ಐವತ್ತೆಂಟು ವರ್ಷದ ಕಾರಿನಲ್ಲಿ, ಯಾರ ಕೈಯೂ ಹೋಗದ ಜಾಗ ಅಷ್ಟು ಸ್ವಚ್ಛವಾಗಿರಬಾರದು.

ಒಂದು ಗಂಟೆಯ ಹಿಂದಷ್ಟೇ ರೂತ್ ಎಂಬ ಮುದುಕಿ ಫೋನಿನಲ್ಲಿ ಹೇಳಿದ್ದಳು. ಈ ಕಾರು ತಯಾರಾದ ಕಾರ್ಖಾನೆಯಲ್ಲಿ ಇಪ್ಪತ್ತರ ವಯಸ್ಸಿಗೆ ಸೀಟು ಕೂರಿಸುವ ಕೆಲಸಕ್ಕಿದ್ದವಳು. ಈಗ ಎಪ್ಪತ್ತೊಂಬತ್ತು, ಪಕ್ಕದ ಯೂನಿಯನ್ ಸಿಟಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಕಾರ್ಖಾನೆಯಿದ್ದ ಒಹಾಯೋದ ಮೂಲೆಮೂಲೆಗೆ ಪತ್ರ ಬರೆದು ಈತ ಹುಡುಕಿದ ಹೆಂಗಸು ಕೊನೆಗೆ ಹತ್ತು ನಿಮಿಷದ ದಾರಿಯಲ್ಲಿ ಸಿಕ್ಕಿದ್ದಳು. "ಕೊನೆಯ ಕಾರು ಬಂದ ದಿನ ನಾವು ಹನ್ನೊಂದು ಜನ ನೀಲಿ ಬಳಪದಲ್ಲಿ ಹೆಸರು ಬರೆದೆವು. ಹಿಂದಿನ ಸೀಟಿನ ಹಿಂದೆ. ಆಮೇಲೆ ನಾನೇ ಸೀಟು ಕೂರಿಸಿದೆ. ಯಾರಿಗೂ ಕಾಣುವುದಿಲ್ಲವಲ್ಲ!" ಎಂದು ನಕ್ಕಿದ್ದಳು.

ಆ ನಗು ಇನ್ನೂ ಕಿವಿಯಲ್ಲಿರುವಾಗಲೇ ಈತ ಸ್ಪ್ಯಾನರ್ ಹಿಡಿದು ಓಡಿ ಬಂದಿದ್ದ.

ಕಾರಿನ ಹೆಸರು ಆಲ್ಡನ್ ರೀಜೆಂಟ್. ಎರಡೇ ಬಾಗಿಲು, ಆಳುದ್ದದ ಬಾನೆಟ್ಟು, ಕೈಯಲ್ಲಿ ಹೊಲಿದ ತೊಗಲಿನ ಸೀಟು. ದುಡ್ಡಿದ್ದವರ ಷೋಕಿಗೆಂದೇ ಮಾಡಿದ ಗಾಡಿ. ನಾಲ್ಕು ವರ್ಷ ತಯಾರಿಸಿ, ಅರವತ್ತಾರರಲ್ಲಿ ಕಂಪನಿ ಬಾಗಿಲು ಹಾಕಿತು. ದಫ್ತರವನ್ನೆಲ್ಲ ಯಾರೋ ಪುಣ್ಯಾತ್ಮರು ಕಸದ ಲಾರಿಗೆ ತುಂಬಿ ಕಳಿಸಿದರು. ಎಷ್ಟು ಕಾರು ತಯಾರಾದವು, ಯಾವುದು ಮೊದಲು, ಯಾವುದು ಕೊನೆ ಎಂಬುದಕ್ಕೆ ಕಾಗದವಿಲ್ಲ. ರೀಜೆಂಟ್ ಇರುವವರ ಒಂದು ಸಂಘವಿದೆ. ಅವರು ತರುತ್ತಿರುವ ಪುಸ್ತಕದಲ್ಲಿ ತಯಾರಿಕೆಯ ಅಧ್ಯಾಯ ಬರೆಯುವ ಹೊಣೆ ಹುಬ್ಬಳ್ಳಿಯಿಂದ ಬಂದು ಫ್ರೀಮಾಂಟಿನಲ್ಲಿ ನೆಲೆಸಿದ ಅಪ್ಪಾಸಾಹೇಬನ ಮೇಲೆ ಬಿದ್ದಿತ್ತು. ಬಿದ್ದಿತ್ತೆನ್ನುವುದು ಸುಳ್ಳು, ಹಟ ಹಿಡಿದು ಗಿಟ್ಟಿಸಿಕೊಂಡಿದ್ದ.

ಇಪ್ಪತ್ತಾರು ವರ್ಷ ಅಲ್ಲಿನ ಒಂದು ವರ್ಕ್‌ಶಾಪಿನಲ್ಲಿ ಆತ ಇನ್‌ಸ್ಪೆಕ್ಟರ್ ಆಗಿದ್ದ. ಪ್ರತಿ ಬಿಡಿಭಾಗವನ್ನೂ ಅಳೆದು, ಸರಿಯಿದ್ದರೆ ಹಳದಿ ಬಳಪದಲ್ಲಿ ಗುರುತು ಹಾಕುತ್ತಿದ್ದ. ಲಕ್ಷಗಟ್ಟಲೆ ಗುರುತು ಹಾಕಿದರೂ ಒಂದರ ಮೇಲೂ ತನ್ನ ಹೆಸರಿರಲಿಲ್ಲ. ಈ ಪುಸ್ತಕದ ಮೇಲೆ ಇರುತ್ತದೆ. ಆದರೆ ಟೆಕ್ಸಾಸಿನ ಡೇಲ್ ಎಂಬಾತ ಅಡ್ಡಗಾಲು ಹಾಕಿದ್ದ. ಎಲ್ಲಕ್ಕಿಂತ ದೊಡ್ಡ ನಂಬರು ತನ್ನ ಕಾರಿನದು, ಆದ್ದರಿಂದ ಅದೇ ಕೊನೆಯದು ಎಂಬುದು ಅವನ ವಾದ. ಬಣ್ಣ ಕೆಟ್ಟ ಕಾರುಗಳನ್ನು ಬದಿಗಿಟ್ಟು ಕೊನೆಗೆ ಮುಗಿಸುತ್ತಿದ್ದರು, ತನ್ನ ಕಾರಿಗೆ ಎರಡು ಸಲ ಬಣ್ಣ ಬಿದ್ದಿದೆ, ಆದ್ದರಿಂದ ತನ್ನದೇ ಕೊನೆಯದು ಎಂಬುದು ಅಪ್ಪಾಸಾಹೇಬನದು. ಸಂಘದವರು ಒಂದೇ ಮಾತು ಹೇಳಿದ್ದರು: ಪುರಾವೆಯ ಫೋಟೋ ಕಳಿಸಿ. ಸೋಮವಾರದೊಳಗೆ ಬರದಿದ್ದರೆ ಡೇಲ್‌ನ ಕಾರೇ ಅಚ್ಚಾಗುತ್ತದೆ.

ಕೂಗು ಕೇಳಿ ಹೆಂಡತಿ ಶರಣವ್ವ ಹಿಟ್ಟಿನ ಕೈಯಲ್ಲೇ ಬಂದಳು. "ಏನಾತ್ರೀ? ರೊಟ್ಟಿ ಹಂಚಿನ ಮ್ಯಾಲೈತಿ."

"ಇಲ್ಲೆ ಏನರ ಇತ್ತೇನು? ಈ ತಗಡಿನ ಮ್ಯಾಲ?"

ಆಕೆ ಬಗ್ಗಿ ನೋಡಿದಳು. "ಗಾಡಿ ತಂದ ವರ್ಷ ಖಂಡೇ ಪೂಜಿಗೆ ತೊಳದಿದ್ನೆಲ್ಲ. ಸೀಟು ಹೊಲಿಯಾಕ ಕೊಟ್ಟಿದ್ರಿ ಆವಾಗ. ನೀಲಿ ನೀಲಿ ಗೀಚಿದ್ದಿತ್ತು. ಹುಡುಗೂರು ಗೀಚ್ಯಾರ ಅಂತ ತಿಕ್ಕಿದೆ."

"ತಿಕ್ಕಿದಿ?"

"ಹೊಲಸು ಗಾಡಿಗಿ ಪೂಜಿ ಹೆಂಗ ಮಾಡೂದ್ರಿ? ಹುಣಸಿಹಣ್ಣು ಹಚ್ಚಿ, ನಾರಿನಾಗ..."

ಅಪ್ಪಾಸಾಹೇಬನ ಪಿತ್ತ ನೆತ್ತಿಗೇರಿತು. "ಅಯ್ಯೋ! ಹಿತ್ತಾಳಿ ದೀಪದ ಸಮೆ ಅಂತ ತಿಳದಿಯೇನು ಅದನ್ನ? ಹನ್ನೊಂದು ಮಂದಿ ಹೆಸರು ಅವು! ಐವತ್ತು ವರ್ಷ ಬಿಸಲಿಗೆ ಹೋಗಿಲ್ಲ, ಮಳಿಗೆ ಹೋಗಿಲ್ಲ, ನಿನ್ನ ಕೈಗೆ ಹೋದ್ವು. ಒಂದ್ ಮಾತ ನನ್ನ ಕೇಳಾಕ ಏನಾಗಿತ್ತು?"

ಶರಣವ್ವ ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಒಳಗಿನಿಂದ ರೊಟ್ಟಿ ಸೀದ ವಾಸನೆ ಬಂತು. ಆಕೆ ಹೋದಳು.

ಈತ ಟಾರ್ಚು ಆರಿಸಿ ಕೂತಲ್ಲೇ ಕೂತ. ನೀಲಿ ಗೀಚು ಇತ್ತೆಂದರೆ ತನ್ನ ವಾದ ಸರಿ, ಈ ಕಾರೇ ಕೊನೆಯದು. ಈಗ ಅದು ಅನುಮಾನವಿಲ್ಲದೆ ಗೊತ್ತಾಯಿತು. ಗೊತ್ತಾದದ್ದು ಯಾರಿಗೂ ತೋರಿಸಲಾಗದ ಹಾಗೆ ಗೊತ್ತಾಯಿತು. ಡೇಲ್‌ಗೆ ಏನೆಂದು ಬರೆಯುವುದು? ನನ್ನ ಹೆಂಡತಿ ನೋಡಿದ್ದಳು, ಆಮೇಲೆ ಹುಣಸೆಹಣ್ಣು ಹಚ್ಚಿ ತಿಕ್ಕಿದಳು ಎಂದೇ?

ಮರುದಿನವೇ ಖಂಡೇ ಪೂಜೆ, ಅಂದರೆ ಆಯುಧಪೂಜೆ. ಶರಣವ್ವ ವಾಡಿಕೆಯಂತೆ ಬಕೆಟ್ಟು ಹಿಡಿದು ಗರಾಜಿಗೆ ಬಂದಾಗ "ಮುಟ್ಟಬ್ಯಾಡ!" ಎಂದು ಈತ ಕೂಗಿದ ಕೂಗಿಗೆ ಎದುರು ಮನೆಯವರು ಕಿಟಕಿ ತೆರೆದು ನೋಡಿದರು. ಆಕೆ ತನ್ನ ಟೊಯೊಟಾವನ್ನಷ್ಟೇ ತೊಳೆದು, ವಿಭೂತಿ ಹಚ್ಚಿ, ಗಾಲಿಗೆ ನಿಂಬೆಹಣ್ಣಿಟ್ಟು ಒಳಗೆ ಹೋದಳು. ಊಟಕ್ಕೆ ಕರೆಯುವ ಬದಲು ತಾಟನ್ನು ಟೇಬಲ್ಲಿನ ಮೇಲೆ ಸಪ್ಪಳ ಮಾಡಿ ಇಟ್ಟಳು. ಈತ ಸಪ್ಪಳ ಮಾಡಿ ಎಳೆದುಕೊಂಡ. ಹೋಳಿಗೆ ಮಾಡಿದ ದಿನ ಇಬ್ಬರ ಮುಖಗಳೂ ಊದಿಕೊಂಡಿದ್ದವು.

ಸಂಜೆ ಮಗಳು ದೀಪಾಲಿಗೆ ಫೋನು ಮಾಡಿದ. "ಗಾಡಿ ತಂದ ವರ್ಷದ ಪೂಜಿದು ಫೋಟೋ ತಗದಿದ್ದೆಲ್ಲಾ ನೀ, ಹುಬ್ಬಳ್ಳಿಗೆ ಕಳಸಾಕ? ಹುಡುಕು. ಒಂದು ಅಕ್ಷರ ಕಂಡ್ರೂ ಸಾಕು."

"ಅಪ್ಪಾ, ಏಳು ವರ್ಷ ಆತು. ಹಳೇ ಫೋನು ಎಲ್ಲೈತೋ ಏನೋ. ಟ್ರೈ ಮಾಡ್ತೀನಿ," ಎಂದಳು ಅವಳು. "ಅವ್ವಗ ಬೈದಿಯೇನು? ಫೋನಿನ್ಯಾಗ ಅಕಿ ದನಿ ಸರಿ ಇರಲಿಲ್ಲ."

"ಬೈಲಾರದ ಪೂಜಿ ಮಾಡಲೇನು?" ಎಂದು ಫೋನಿಟ್ಟ.

ಶನಿವಾರ ದಸರೆ. ಕಾರು ನೋಡಬೇಕೆಂದಿದ್ದ ರೂತ್‌ಳನ್ನು ಕರೆದುಕೊಂಡು ಬಂದದ್ದು ದೀಪಾಲಿಯೇ. ಬಿಳಿ ಕೂದಲಿನ ಸಣ್ಣ ಹೆಂಗಸು, ಕೈಯಲ್ಲಿ ಊರುಗೋಲು. ಗರಾಜಿನ ಬಾಗಿಲು ಮೇಲೇರಿ ಕಾರು ಕಂಡದ್ದೇ ಅವಳು ಊರುಗೋಲನ್ನು ದೀಪಾಲಿಯ ಕೈಗೆ ಕೊಟ್ಟು ಸೀದಾ ಬಂದು ಬಾಗಿಲ ಅಂಚನ್ನು ಸವರಿದಳು. "ಹಸಿರು," ಎಂದಳು. "ಕೊನೆಯ ವಾರ ಎಲ್ಲವೂ ಹಸಿರೇ. ಬೇರೆ ಬಣ್ಣ ಮುಗಿದಿತ್ತು."

ಅದು ಪುರಾವೆಯಾಗಲಾರದು. ಹಸಿರು ರೀಜೆಂಟುಗಳು ನಲವತ್ತಕ್ಕೂ ಹೆಚ್ಚಿವೆ. ಬರಿದಾದ ತಗಡನ್ನು ತೋರಿಸಿ ಅಪ್ಪಾಸಾಹೇಬ ನಡೆದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದ. ಹೇಳುವಾಗ "ನನ್ನ ಹೆಂಡತಿ" ಎಂಬ ಮಾತು ನಾಲ್ಕು ಸಲ ಬಂತು. ಶರಣವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಇಂಗ್ಲಿಷು ಆಕೆಗೆ ಅಷ್ಟೇನೂ ಬಾರದಿದ್ದರೂ ಅಷ್ಟು ಮಾತು ತಿಳಿಯುತ್ತಿತ್ತು.

"ಅಪ್ಪಾ, ಫೋಟೋ ಸಿಗಲಿಲ್ಲ. ವೀಡಿಯೋ ಸಿಕ್ಕೈತಿ," ಎಂದಳು ದೀಪಾಲಿ. ಫೋನು ಮುಂದೆ ಹಿಡಿಯುವಾಗ ತಂದೆಯ ಮುಖ ನೋಡಲಿಲ್ಲ. "ನೀ ಒಬ್ಬವನ ನೋಡ್ತೀಯೇನು ಮೊದಲ?"

"ಒಬ್ಬವನ ಯಾಕ? ಎಲ್ಲಾರೂ ನೋಡ್ಲಿ. ಹಚ್ಚು."

ವೀಡಿಯೋದಲ್ಲಿ ಕಾರಿನ ಒಳಗು ಕಂಡಿತು. ಶರಣವ್ವ ಸೀರೆ ಎತ್ತಿಕಟ್ಟಿ ತಗಡು ತಿಕ್ಕುತ್ತಿದ್ದಳು. ಬೆರಳ ಸಂದಿಯಿಂದ ನೀಲಿ ನೊರೆ ಇಳಿಯುತ್ತಿತ್ತು. ಅಕ್ಷರವೆನ್ನುವಂಥದ್ದು ಒಂದೂ ಇರಲಿಲ್ಲ. ತಿಕ್ಕುವುದನ್ನು ನಿಲ್ಲಿಸಿ ಆಕೆ ಯಾರನ್ನೋ ಕೇಳಿದಳು: "ರೀ, ಇದೇನೋ ಬರದಾರ ನೋಡ್ರಿ. ಇರಲೇನ್ರಿ?" ಕ್ಯಾಮೆರಾದ ಆಚೆಯಿಂದ ಗಂಡಸಿನ ದನಿ ಬಂತು, ಗಟ್ಟಿಯಾಗಿ, ಖುಷಿಯಾಗಿ: "ಏ, ಏನೂ ಇಲ್ಲ ತಿಕ್ಕು! ಆ ಮೂಲ್ಯಾಗ ಇನ್ನೂ ನೀಲಿ ಉಳದೈತಿ ನೋಡು. ಹೊಸಾದರಂಗ ಆಗಬೇಕು ಗಾಡಿ!"

ದೀಪಾಲಿ ಫೋನು ಆರಿಸಿ ಬೆಂಚಿನ ಮೇಲಿಟ್ಟಳು. ರೂತ್‌ಗೆ ಕನ್ನಡ ತಿಳಿಯದಿದ್ದರೂ ಆ ದನಿ ಯಾರದೆಂದು ತಿಳಿಯಿತು. ಅವಳು ತನ್ನ ಬೂಟು ನೋಡಿಕೊಂಡಳು.

ಅಪ್ಪಾಸಾಹೇಬನಿಗೆ ನಾಚಿಕೆಗಿಂತ ಮೊದಲು ಬಂದದ್ದು ಸಿಟ್ಟೇ. ಯಾರ ಮೇಲೆಂದು ತೋಚದ ಸಿಟ್ಟು. ಇಪ್ಪತ್ತಾರು ವರ್ಷ ಬಳಪದ ಗುರುತು ಹಾಕಿದವನಿಗೆ ಬಳಪದ ಗುರುತು ಕಾಣದೆ ಹೋಯಿತೆ? ಬಾಗಿಲಲ್ಲಿದ್ದ ಹೆಂಡತಿಯ ಕಡೆ ತಿರುಗಿದ.

"ನಿನಗ ನೆನಪಿತ್ತೇನು ಇದು?"

"ಇತ್ತು."

"ಮತ್ತ ಮೂರು ದಿವಸ ಯಾಕ ಸುಮ್ಮನಿದ್ದಿ? ಹೇಳಬೇಕಿಲ್ಲೋ?"

"ಹೇಳಿದ್ರ ನಂಬತಿದ್ರೇನ್ರಿ?" ಶರಣವ್ವನ ದನಿ ಏರಲಿಲ್ಲ. "ಫೋಟೋ ಎಲ್ಲೈತಿ ಅಂತಿದ್ರಿ."

ಈತ ಬೆಂಚಿನ ಮೇಲಿದ್ದ ಸ್ಪ್ಯಾನರುಗಳನ್ನು ಸಾಲಾಗಿಟ್ಟ. ಸಾಲಾಗಿಯೇ ಇದ್ದವು, ಮತ್ತೆ ಇಟ್ಟ.

ರೂತ್ ಕೆಮ್ಮಿದಳು. ಕೈಚೀಲದಿಂದ ಒಂದು ಗಿಡ್ಡ ನೀಲಿ ಬಳಪ ತೆಗೆದಳು. ಆ ಕಾಲದ್ದೇ ಅದು. ಕಾರ್ಖಾನೆ ಮುಚ್ಚಿದ ದಿನ ಏಪ್ರನ್ನಿನ ಜೇಬಿನಲ್ಲಿ ಉಳಿದದ್ದನ್ನು ಹೊಲಿಗೆಯ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. "ಹನ್ನೊಂದು ಹೆಸರೂ ನನಗೆ ಬಾಯಿಪಾಠ," ಎಂದಳು. "ಯಾರದು ಎಲ್ಲಿತ್ತು ಎಂಬುದೂ ಗೊತ್ತು. ನಾನೇ ಬರೆಯುತ್ತೇನೆ. ನೀವು ಫೋಟೋ ತೆಗೆದು ಕಳಿಸಿ. ಸುಳ್ಳೇನಲ್ಲವಲ್ಲ? ಇದ್ದದ್ದನ್ನೇ ಇದ್ದಲ್ಲಿ ಬರೆದ ಹಾಗೆ."

ಅದೇ ಬಳಪ, ಅದೇ ಕೈ, ಅದೇ ತಗಡು. ಟೆಕ್ಸಾಸಿನಲ್ಲಿ ಕೂತ ಡೇಲ್‌ನ ಅಪ್ಪನಿಗೂ ವ್ಯತ್ಯಾಸ ತಿಳಿಯದು. ಬರೆಯುವುದಕ್ಕೆ ಐದು ನಿಮಿಷ, ಕಳಿಸುವುದಕ್ಕೆ ಒಂದು. ಸೋಮವಾರ ಪುಸ್ತಕ ಅಚ್ಚಿಗೆ ಹೋಗುತ್ತದೆ, ಸರಿಯಾದ ಕಾರಿನ ನಂಬರು ಹೊತ್ತು. ಅಪ್ಪಾಸಾಹೇಬ ಕೈ ಚಾಚಿ ಬಳಪ ತೆಗೆದುಕೊಂಡ. ಹೆಬ್ಬೆರಳಿಗೆ ನೀಲಿ ಹತ್ತಿತು. ತಗಡಿನ ಮೇಲೆ ಹನ್ನೊಂದು ಹೆಸರಿನ ಜಾಗವನ್ನು ಆಸೆಯಿಂದ ಕಣ್ಣಲ್ಲೇ ಅಳೆದ.

ದೀಪಾಲಿ "ಅಪ್ಪಾ, ಇಟ್ಸ್ ಓಕೆ. ಹೆಂಗಿದ್ರೂ ಖರೇನ ಐತೆಲ್ಲ," ಎಂದಳು.

"ಖರೆ ಐತಿ," ಎಂದ. ಬಳಪವನ್ನು ತಿರುವಿ ನೋಡಿದ. "ಆದ್ರ ಇದು ಖೋಟಾ ಆಗ್ತೈತಿ. ಅಳತಿ ನೋಡಲಾರದ ಗುರುತು ಹಾಕಿದಂಗ."

ಬಳಪವನ್ನು ರೂತ್‌ಳ ಅಂಗೈಗೆ ಹಿಂದಿರುಗಿಸಿ, ಬೇಡವೆಂದು ಇಂಗ್ಲಿಷಿನಲ್ಲಿ ಹೇಳಿದ. ಹೇಳಿದ ರೀತಿ ಒರಟಾಗಿಯೇ ಇತ್ತು. ದೊಡ್ಡ ಕೆಲಸ ಮಾಡಿದೆನೆಂಬ ಸಮಾಧಾನವೇನೂ ಅವನಿಗೆ ಬರಲಿಲ್ಲ. ಡೇಲ್‌ನ ಕಾರಿನ ಫೋಟೋ ಇಡೀ ಪುಟಕ್ಕೆ ಅಚ್ಚಾಗಿ ಬರುವುದು ಕಣ್ಣಿಗೆ ಕಟ್ಟಿತು.

ಶರಣವ್ವ ಒಳಗೆ ಹೋಗಿ ಒಂದು ಬಟ್ಟಲು ತಂದು ಬೆಂಚಿನ ಮೇಲಿಟ್ಟಳು. ದಸರೆಯ ಬನ್ನಿ. ಫ್ರೀಮಾಂಟಿನಲ್ಲಿ ಬನ್ನಿ ಮರ ಎಲ್ಲಿಂದ ಬರಬೇಕು? ಬೇಲಿಯಾಚೆಗಿನ ಯಾವುದೋ ಮರದ ಸಣ್ಣ ಎಲೆಗಳನ್ನೇ ಮೂವತ್ತು ವರ್ಷದಿಂದ ಅವರು ಬನ್ನಿ ಎಂದು ಹಂಚಿಕೊಳ್ಳುತ್ತಿದ್ದರು. ಪ್ರತಿ ವರ್ಷ ಮೊದಲು ಆಕೆ ಕೊಡುತ್ತಿದ್ದಳು, ಕಾಲಿಗೆ ಬೀಳುತ್ತಿದ್ದಳು, ಈತ ಪೇಪರಿನಿಂದ ಕಣ್ಣೆತ್ತದೆ ತೆಗೆದುಕೊಳ್ಳುತ್ತಿದ್ದ. ಈ ಸಲ ಆಕೆ ಬಟ್ಟಲಿಟ್ಟವಳು ದೂರವೇ ನಿಂತಳು.

ಅಪ್ಪಾಸಾಹೇಬ ಒರೆಸುವ ಬಟ್ಟೆಯಿಂದ ಕೈ ಒರೆಸಿಕೊಂಡ. ಹೆಬ್ಬೆರಳ ನೀಲಿ ಹೋಗಲಿಲ್ಲ. ನಾಲ್ಕು ಎಲೆ ತೆಗೆದುಕೊಂಡು ಆಕೆಯ ಮುಂದೆ ಹಿಡಿದ. "ಬಂಗಾರ ತೊಗೋ," ಎಂದ. "ತಿಕ್ಕು ಅಂದಾಂವ ನಾನ," ಎಂದ.

ಶರಣವ್ವ ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ತೆಗೆದುಕೊಂಡಳು. "ಬಂಗಾರದ್ಹಂಗ ಇರೂಣ್ರಿ," ಎಂದಳು. "ಆ ಅಜ್ಜಿಗೂ ಕೊಡ್ರಿ, ಪಾಪ."

ರೂತ್ ತನ್ನ ಪಾಲಿನ ಎಲೆಗಳನ್ನು ಬಳಪದ ಜೊತೆ ಕೈಚೀಲಕ್ಕೆ ಹಾಕಿಕೊಂಡಳು. ಗೋಡೆಗೆ ಒರಗಿಸಿದ್ದ ಸೀಟನ್ನು ತೋರಿಸಿ, ಹಾಕೋಣವೇ ಎಂದು ಕೇಳಿದಳು. ಅದನ್ನು ಕೂರಿಸಲು ಅಪ್ಪಾಸಾಹೇಬನಿಗೆ ಯಾವಾಗಲೂ ಅರ್ಧ ಗಂಟೆ ಬೇಕು. ಕೆಳಗಿನ ಕೊಕ್ಕೆ ಸಿಕ್ಕರೆ ಮೇಲಿನದು ತಪ್ಪುತ್ತಿತ್ತು. ಅವನೂ ದೀಪಾಲಿಯೂ ಸೀಟನ್ನು ಎತ್ತಿ ಒಳಗಿಟ್ಟರು. ಶರಣವ್ವ ರೂತ್‌ಳ ರಟ್ಟೆ ಹಿಡಿದು ಕಾರಿನೊಳಗೆ ಹತ್ತಿಸಿದಳು.

ರೂತ್ ಕಣ್ಣಿನಿಂದ ಏನನ್ನೂ ಹುಡುಕಲಿಲ್ಲ. ಎಡಗೈಯನ್ನು ಸೀಟಿನ ಮೇಲಂಚಿಗೆ ಇಟ್ಟು, ಬಲ ಮಂಡಿಯನ್ನು ಕೆಳಗೆ ಒತ್ತಿ, ಒಂದೇ ಸಲ ತಗಡಿನ ಕಡೆಗೆ ತಳ್ಳಿದಳು. ಟಕ್ ಎಂದಿತು. ತಗಡು ಮುಚ್ಚಿಹೋಯಿತು.

ದೀಪಾಲಿಯ ಫೋನು ಬೆಂಚಿನ ಮೇಲೇ ಇತ್ತು, ಯಾರೂ ಫೋಟೋ ತೆಗೆಯಲಿಲ್ಲ.