ಬರಿದಾದ ಸೂಜಿ

ಕೊನೆಯ ಕ್ರಾಸ್ ಹೊಲಿಗೆ ಹಾಕಿ, ಬಟ್ಟೆ ಮಗುಚಿ, ದಾರದ ತುದಿಯನ್ನು ಹಿಂಬದಿಯ ಹೊಲಿಗೆಗಳೊಳಗೆ ತೂರಿಸಿ ವಿಸಾಲ್ ಹಲ್ಲಿನಿಂದ ಕಡಿದಳು. ಅಂಗೈಯಗಲದ ಪರ್ಸು ಮುಗಿಯಿತು. ನಡುವೆ ಕೆಂಪು ನಕ್ಷತ್ರ, ಸುತ್ತ ಕೆಂಪು ಅಂಚು. ಮೇಜಿನ ಮೇಲೆ ಮುಗಿಸಿಟ್ಟವು ಒಂದು ರಾಶಿಯೇ ಬಿದ್ದಿತ್ತು: ದಿಂಬಿನ ಮುಖ, ಪುಟ್ಟ ಚೀಲ, ಹಸುಗೂಸಿನ ಉಲ್ಲನ್ ಟೋಪಿ. ಎಲ್ಲವೂ ಕೆಂಪು.

ಮುಂದಿನ ತುಂಡು ಆಗಲೇ ಅವಳ ಮಡಿಲಿಗೆ ಬಂದು ಬಿತ್ತು.

"ಸೂಜಿ ಬರಿದಾಗಿ ಇಡಬೇಡ ಕಣೇ," ಅಂದಳು ಅತ್ತೆ ಉಮ್ ಮರ್ವಾನ್, ತನ್ನ ಹೆಣಿಗೆಯ ಕಡ್ಡಿಗಳಿಂದ ಕಣ್ಣೆತ್ತದೆ. "ದಾರ ಪೋಣಿಸು."

"ಕಣ್ಣು ಉರೀತಿದೆ ಅತ್ತೆ."

"ಉರೀಲಿ ಬಿಡು. ನನ್ನ ಮಗ ಬಂದ ಮೇಲೆ ಸೊಂಟ ನೋಯೋ ತನಕ ಮಲಗುವಿಯಂತೆ. ಯಾರು ಬೇಡ ಅಂತಾರೆ?"

ಉಮ್ ಮರ್ವಾನ್ ಅಂದರೆ ಮರ್ವಾನನ ಅಮ್ಮ. ಚೊಚ್ಚಲ ಮಗ ಹುಟ್ಟಿದ ದಿನ ಬಂದ ಆ ಹೆಸರೇ ನಿಂತುಹೋಗಿ, ಅವಳ ಸ್ವಂತ ಹೆಸರು ನಿರಾಶ್ರಿತರ ಶಿಬಿರದ ಓಣಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಆ ಮಗ, ವಿಸಾಲಳ ಗಂಡ, ಕಡಲಾಚೆಯ ದಡದಲ್ಲಿ ದುಡಿದು ಎಲ್ಲರನ್ನೂ ಕರೆಸಿಕೊಳ್ಳುತ್ತೇನೆಂದು ಲೆಬನಾನಿನ ದಂಡೆಯಿಂದ ದೋಣಿ ಹತ್ತಿ ಮೂರು ಚಳಿಗಾಲ ಕಳೆದಿದ್ದವು. ಮುಳುಗಿದ ಆ ದೋಣಿಯಲ್ಲಿದ್ದವನೊಬ್ಬ ಬದುಕಿ ಬಂದು, ಮರ್ವಾನನ ಕೈ ತನ್ನ ಕೈಯಿಂದ ಜಾರಿಹೋದದ್ದನ್ನು ಬಾಗಿಲಲ್ಲಿ ನಿಂತು ಹೇಳಿದ್ದ. ಮುದುಕಿ ಅವನ ಮೇಲೆ ಚಪ್ಪಲಿ ಎಸೆದಿದ್ದಳು. ಸಂತಾಪಕ್ಕೆಂದು ಬಂದ ಹೆಂಗಸರ ಮುಖಕ್ಕೆ ಹೊಡೆದಂತೆ ಬಾಗಿಲು ಹಾಕಿದ್ದಳು. ಅಂದಿನಿಂದ ಅವಳದು ಒಂದೇ ಹಟ. ಸೊಸೆಯ ಸೂಜಿಯಲ್ಲಿ ಕೆಂಪು ದಾರ ಇರುವ ತನಕ ಸೊಸೆಗೆ ಗಂಡನಿದ್ದಾನೆ. ಒಂದು ಮುಗಿದರೆ ಇನ್ನೊಂದು ಶುರುವಾಗಬೇಕು, ನಡುವೆ ಬಿಡುವು ಕೂಡದು.

ವಿಸಾಲ್ ಗಂಡನಿಗಾಗಿ ಇನ್ನೂ ಕಣ್ಣೀರು ಹಾಕಿರಲಿಲ್ಲ. ಅಳಲು ಬಿಟ್ಟರೆ ತಾನೆ! ಹೆಂಡತಿ ಅನ್ನೋಣವೆಂದರೆ ಗಂಡನಿಲ್ಲ, ವಿಧವೆ ಅನ್ನೋಣವೆಂದರೆ ಅತ್ತೆ ಬಿಡಳು. ಮದುವೆಮನೆಗೆ ಹೋದರೆ ಹೆಂಗಸರು ಪಿಸುಗುಡುತ್ತಿದ್ದರು, ಸಾವಿನ ಮನೆಗೆ ಹೋದರೆ ಅವಳನ್ನು ಕಂಡು ಮಾತು ನಿಲ್ಲಿಸುತ್ತಿದ್ದರು. ಎದೆಯ ಮೇಲೊಂದು ಬೀಸುಗಲ್ಲು ಹೊತ್ತು ತಿರುಗಿದ ಹಾಗಿತ್ತು. ಇನ್ನೊಂದು ನಕ್ಷತ್ರ ಹೊಲಿದರೆ ತನಗೆ ಹುಚ್ಚು ಹಿಡಿಯುವುದು ಖಂಡಿತ ಎನಿಸಿತು.

ಮುದುಕಿ ರೊಟ್ಟಿ ತರಲು ಎದ್ದಳು. "ನಾನು ಬರೋದರೊಳಗೆ ಒಂದು ಸಾಲಾದ್ರೂ ಏರಿರಬೇಕು, ನೋಡು."

ಅವಳು ಅತ್ತ ಹೋದದ್ದೇ ತಡ, ವಿಸಾಲ್ ಸೂಜಿಯನ್ನು ದಿಂಬಿಗೆ ಚುಚ್ಚಿ ಎದ್ದಳು. ಹಬ್ಬದ ಅಡುಗೆಯ ದೊಡ್ಡ ಹಂಡೆಗೆ ನೀರು ತುಂಬಿ ಗ್ಯಾಸಿನ ಮೇಲಿಟ್ಟಳು. ಹಿಡಿತುಂಬ ಉಪ್ಪು ಹಾಕಿದಳು. ಹಾಸಿಗೆಯಡಿ ಬಚ್ಚಿಟ್ಟಿದ್ದ ನೀಲಿ ಬಣ್ಣದ ಪೊಟ್ಟಣ ಹರಿದು ಸುರಿದಳು. ನೀರು ಕಾದ ಮೇಲೆ ಪೆಟ್ಟಿಗೆಯಿಂದ ಮದುವೆಯ ನಿಲುವಂಗಿ ತೆಗೆದಳು. ಎದೆಯ ತುಂಬ, ತೋಳಿನ ತುಂಬ ಕೆಂಪು ಕಸೂತಿ. ಕನ್ಯೆಯಾಗಿದ್ದಾಗ ತವರಿನಲ್ಲಿ ಕೂತು ಅವಳೇ ಹೊಲಿದದ್ದು. ಗಂಡ ಸತ್ತವಳು ಅದನ್ನು ನೀಲಿಯಲ್ಲಿ ಅದ್ದಬೇಕು. ಅವಳ ಅಜ್ಜಿಯೂ ಹಾಗೇ ಮಾಡಿದ್ದಳು.

ಹಂಡೆಗೆ ಹಾಕಿದ ಬಟ್ಟೆ ನೀರು ಕುಡಿದು ಮುಳುಗುವಷ್ಟರಲ್ಲಿ ಬಾಗಿಲು ತೆರೆಯಿತು. ಮುದುಕಿಯ ಕೈಯ ರೊಟ್ಟಿ ನೆಲಕ್ಕೆ ಬಿತ್ತು. ಬಿದ್ದ ರೊಟ್ಟಿಯನ್ನು ಎತ್ತಿ ಮುತ್ತಿಟ್ಟು ಹಣೆಗೊತ್ತಿಕೊಳ್ಳದೆ ಅವಳು ಎಂದೂ ಬಿಟ್ಟವಳಲ್ಲ. ಇವತ್ತು ತುಳಿದುಕೊಂಡೇ ಬಂದಳು.

"ಹಾಳಾದೋಳೇ! ನನ್ನ ಮಗನ್ನ ಕೊಲ್ತೀಯಾ?"

"ಕಡಲು ಕೊಂದಾಯ್ತು ಅತ್ತೆ! ನಾನಲ್ಲ!"

"ಮುಚ್ಚು ಬಾಯಿ! ಬರ್ತಾನೆ ಅವನು. ಬಂದು ಕೇಳ್ತಾನೆ, ಏನೇ ಇದು, ನಾನು ಬದುಕಿರೋವಾಗ್ಲೇ ಅಂತ."

"ಬರಲಿ! ಬಂದು ನನ್ನ ಕೆನ್ನೆಗೆ ನಾಲ್ಕು ಬಾರಿಸಲಿ, ನಗ್ತಾ ನಗ್ತಾ ಹೊಡಿಸ್ಕೋತೀನಿ." ವಿಸಾಲಳ ದನಿ ಒಡೆಯಿತು. "ನಿಮ್ಮ ಕಾಲಿಗೆ ಬೀಳ್ತೀನಿ ಅತ್ತೆ. ನಂಗೆ ಅಳೋಕೆ ಬಿಡಿ. ಅಷ್ಟೇ ನಾನು ಕೇಳ್ತಿರೋದು. ಅಳೋಕೆ ಬಿಡಿ."

ಮುದುಕಿ ಕಾದ ನೀರಿಗೆ ಎರಡೂ ಕೈ ಹಾಕಿ ನಿಲುವಂಗಿಯನ್ನು ಹಿಡಿದೆಳೆದಳು. ಬಿಸಿ ತಾಳದೆ "ಅಯ್ಯೋ ದೇವರೇ" ಎಂದು ಬಿಟ್ಟುಬಿಟ್ಟಳು. ವಿಸಾಲ್ ಓಡಿ ಬಂದು ಅವಳ ಕೈಗಳನ್ನು ತಣ್ಣೀರಿನ ಬಕೆಟ್ಟಿನಲ್ಲಿ ಅದ್ದಿ ಹಿಡಿದಳು. ಮಣಿಕಟ್ಟಿನವರೆಗೂ ನೀಲಿ. ಎಷ್ಟು ಉಜ್ಜಿದರೂ ಹೋಗಲಿಲ್ಲ. ಮುದುಕಿ ಆ ಕೈಗಳನ್ನೇ ನೋಡುತ್ತ, ಬೇರೆ ಯಾರದೋ ಕೈ ಎಂಬಂತೆ ನೋಡುತ್ತ ಅಲ್ಲೇ ನೆಲದ ಮೇಲೆ ಕೂತಳು.

ಗೋಡೆಯಾಚೆಯಿಂದ ನೆರೆಮನೆಯ ಜರೀಫಾ ಕೂಗಿದಳು. "ಉಮ್ ಮರ್ವಾನ್! ಏನ್ರೀ ಅದು ಗಲಾಟೆ? ಬಣ್ಣ ಕುದಿಯೋ ವಾಸನೆ ಬರ್ತಿದೆ... ಯಾರಾದ್ರೂ ತೀರಿಕೊಂಡ್ರಾ?"

ಎಂದಿನಂತೆ ಅತ್ತೆ ಒಂದು ಬೈಗುಳ ಎಸೆದು ಆ ಬಾಯಿ ಮುಚ್ಚಿಸುತ್ತಾಳೆ ಎಂದುಕೊಂಡಳು ವಿಸಾಲ್.

"ಹೂಂ ಕಣೇ," ಅಂದಳು ಮುದುಕಿ. ಕೆಮ್ಮಿ, ಓಣಿಗೆಲ್ಲ ಕೇಳುವಂತೆ ಇನ್ನೊಮ್ಮೆ ಹೇಳಿದಳು. "ಮರ್ವಾನ್. ನನ್ನ ಮಗ ಮರ್ವಾನ್ ತೀರಿಕೊಂಡ."

ವಿಸಾಲ್ ಬಕೆಟ್ಟಿನ ಪಕ್ಕದಲ್ಲೇ ಮುದುರಿಬಿದ್ದಳು. ಅಳು ಹೊಟ್ಟೆಯ ಆಳದಿಂದ, ಅವಳಿಗೇ ಗುರುತು ಸಿಗದ ದನಿಯಲ್ಲಿ ಎದ್ದು ಬಂತು. ಮುದುಕಿ ಅವಳನ್ನು ಸುಮ್ಮನಿರಿಸಲಿಲ್ಲ. ಅವಳ ಬೆನ್ನ ಮೇಲೆ ಒದ್ದೆ ಕೈ ಇಟ್ಟು ಸ್ವಲ್ಪ ಹೊತ್ತು ಕೂತಿದ್ದು, ಆಮೇಲೆ ಮಂಡಿ ಹಿಡಿದು ಎದ್ದು ಹಂಡೆಯ ಹತ್ತಿರ ಹೋದಳು.

"ಹೀಗೇ ಬಿಟ್ರೆ ಮಚ್ಚೆ ಮಚ್ಚೆ ಆಗುತ್ತೆ ಕಣಮ್ಮ," ಅಂದಳು. "ತಿರುವ್ತಾ ಇರಬೇಕು. ನನ್ನ ಮದುವೆ ಅಂಗೀನ ಅದ್ದಿದಾಗ ನಮ್ಮತ್ತೆ ಹೇಳಿಕೊಟ್ಟಿದ್ದು."

ಅಂಗಿಯ ಎದೆಭಾಗ ಗಾಳಿ ತುಂಬಿಕೊಂಡು ಮೇಲೆ ತೇಲುತ್ತಿತ್ತು, ಇನ್ನೂ ಅಲ್ಲಲ್ಲಿ ಕೆಂಪಾಗಿ. ಮುದುಕಿ ಕೋಲೊಂದರ ತುದಿಯಿಂದ ಅದನ್ನು ಮೆಲ್ಲಗೆ ಒಳಕ್ಕೆ ಒತ್ತಿದಳು. ಅದು ಮತ್ತೆ ಮೇಲೆ ಬಂತು. ಮತ್ತೆ ಒತ್ತಿ, ಗುಳ್ಳೆಗಳು ನಿಲ್ಲುವ ತನಕ ಹಾಗೇ ಹಿಡಿದುಕೊಂಡಳು.